ಗೌಸನ ತಂಬೂರಿಗೆ ಒಂದು ಎಳೆ ನೂಲು

ಚಿಕ್ಕವನಿದ್ದಾಗ ಮಿರಜಿನಲ್ಲಿ ಬೇಸಿಗೆ ರಜೆ ಅಂದರೆ ನನಗೆ ಅರಗಿನ ವಾಸನೆ. ಗೆಳೆಯ ಗೌಸನ ಅಪ್ಪ ಅರಗು ಬಳಿದು ತಂಬೂರಿ ಮಾಡುತ್ತಿದ್ದರು. ಪಕ್ಕದಲ್ಲೇ ನಮ್ಮ ಕಾಳಿನ ಅಂಗಡಿ. ಜೇಬು ತುಂಬ ಹುರಿದ ಸೇಂಗಾ ತುಂಬಿಕೊಂಡು ನಾನು ಅಲ್ಲಿಗೆ ಓಡುತ್ತಿದ್ದೆ.

ತಂತಿ ಬಿಗಿದ ಮಾತ್ರಕ್ಕೆ ತಂಬೂರಿ ನುಡಿಯುವುದಿಲ್ಲ. ತಂತಿ ಕೂರುವ ಪಟ್ಟಿಯ ಮೇಲೆ, ಪ್ರತಿ ತಂತಿಯ ಕೆಳಗೆ ಒಂದು ಎಳೆ ಹತ್ತಿ ನೂಲಿಟ್ಟು ಕೂದಲಷ್ಟು ಹಿಂದೆ ಮುಂದೆ ಸರಿಸಬೇಕು. ಜಾಗ ಸಿಕ್ಕಿತೋ, ಜೇನು ಎದ್ದಂತೆ ಗುಂಯ್ ಅನ್ನುತ್ತದೆ. ನಾನು ಮೀಟುವವ, ಗೌಸ ಕಣ್ಣು ಮುಚ್ಚಿ ಸರಿಸುವವ.

ಒಮ್ಮೆ ನೂಲು ತೀರಿತು. ಒಣಹಾಕಿದ್ದ ಅವ್ವನ ಸೀರೆಯಿಂದ ಎಳೆ ಕಿತ್ತುಕೊಂಡು ಬಂದೆ.

"ಯಾವ ಇಲಿ ಕಡದೈತೋ ನನ್ನ ಸೀರಿ?" ಅವ್ವ ಬಂದಳು.

"ಇಲಿ ಅಲ್ರಿ ಮಾವಶಿ, ನಿಮ್ಮ ಮಗಾ," ಅಂದ ಗೌಸ. "ಖರೇ ಹೇಳ್ತೇನಿ, ನೂಲು ಮಾತ್ರ ಭಾಳ ಚಲೋ ಐತ್ರಿ."

ಅವ್ವ ನನ್ನ ಬೆನ್ನಿಗೆ ಎರಡು ಬಿಗಿದಳು. ಆಮೇಲೆ ತಂಬೂರಿ ಕೇಳುತ್ತ ನಿಂತಳು. "ನನ್ನ ಸೀರಿ ಹಿಂಗ ಹಾಡತೈತೇನು?"

ಗೌಸ ಗವಾಯಿಯಾದ. ಕಳೆದ ತಿಂಗಳು ತೀರಿಕೊಂಡ. ಸಾಂಗ್ಲಿಯಲ್ಲಿ ಶ್ರದ್ಧಾಂಜಲಿ ಸಭೆ ಆಯಿತು. ಆಸ್ಪತ್ರೆಯತ್ತ ಸುಳಿಯದವರೆಲ್ಲ ಮೈಕಿನ ಮುಂದೆ ಸರದಿಯಲ್ಲಿ ಅತ್ತರು. ಫೋಟೋದವನು ತಡಮಾಡಿದರೆ ಇನ್ನೊಮ್ಮೆ ಅತ್ತರು. ಅವನಪ್ಪ ಮಾಡಿಕೊಟ್ಟಿದ್ದ ತಂಬೂರಿಯನ್ನೇ ವೇದಿಕೆಯ ಮೇಲೆ ಮಲಗಿಸಿ, ಹೆಣಕ್ಕೆ ಹಾಕಿದಂತೆ ಚೆಂಡುಹೂವಿನ ಮಾಲೆ ಹಾಕಿದ್ದರು. ಶ್ರುತಿ ಬರುತ್ತಿದ್ದುದು ಮೊಬೈಲಿನಿಂದ.

"ಇವತ್ತರೆ ಅವನ ತಂಬೂರಿ ನುಡಿಸಬಾರದೇನ್ರೋ?" ಅಂದೆ ನಾನು.

ರೇಷ್ಮೆ ಕುರ್ತಾದ ಶಿಷ್ಯ ನಕ್ಕ. "ಅದರ ನೂಲು ಹೋಗ್ಯಾವ್ರಿ ಕಾಕಾ. ಮೊಬೈಲ್ ಐತಲ್ಲ, ಕಶಾಲಾ ತ್ರಾಸ್, ಯಾಕ ಬೇಕ್ರಿ?"

ಗುರುವಿನ ವಾದ್ಯಕ್ಕೆ ನಾಲ್ಕು ಎಳೆ ನೂಲು ಹುಡುಕಲಾರದವರಿಗೆ ಮೂರು ಗಾಡಿ ಹೂವು ಸಿಕ್ಕಿತ್ತು. ನಾನು ವೇದಿಕೆ ಹತ್ತಿ ಮಾಲೆ ಹರಿದೆ. ಹೂವು ಅಧ್ಯಕ್ಷರ ಬೂಟಿನತನಕ ಉರುಳಿದವು.

"ಕಾಕಾ, ಫೋಟೋ ಕೆಟ್ಟಿತ್ರಿ!" ಫೋಟೋದವನು ಕೂಗಿದ.

ಮಾಲೆಯ ದಾರ ಹತ್ತಿಯದೇ. ಬಿಡಿಸಿ, ಎಳೆ ಇಟ್ಟು, ಒಂದು ಕೈಯಲ್ಲಿ ಮೀಟುತ್ತ ಇನ್ನೊಂದರಲ್ಲಿ ಸರಿಸುತ್ತ ಕುಳಿತೆ. ಅವರ ಭಾಷಣಗಳು ಮುಗಿದವು, ಚಹಾ ಮುಗಿಯಿತು. ಮೂರು ತಂತಿ ತಗಡಿನಂತೆ ಬಡಿದುಕೊಂಡವು. ನಾಲ್ಕನೆಯದು ಮಾತ್ರ ಕ್ಷಣಹೊತ್ತು ಗುಂಯ್ ಅಂದು ಸುಮ್ಮನಾಯಿತು.

ಆ ಮಂದಿಯನ್ನು ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅಷ್ಟು ಬೇಸಿಗೆ ಅವನ ಮಗ್ಗುಲಲ್ಲಿ ಕುಳಿತು ನಾನು ಕಲಿತದ್ದೂ ಮೀಟುವುದೊಂದೇ.