ಬಲಕ್ಕೆ ಸುತ್ತಿದ ಸ್ಪ್ರಿಂಗು

ಮಳವಳ್ಳಿ ಪೇಟೆಯಲ್ಲಿ ಅಂಗಡಿ ಷಟರು ಒಂದೇ ಬೆರಳಿಗೆ ಮೇಲೆ ಹೋದರೆ, ಅದರಲ್ಲಿ ನಮ್ಮ ಬೀದಿ ಮಂಚಮ್ಮನ ಕೈ ಇದೆ. ಷಟರಿನ ಮೇಲೆ ಒಂದು ಪೈಪು, ಪೈಪಿನ ಸುತ್ತ ಸುರುಳಿ ಸ್ಪ್ರಿಂಗು. ಗಂಡ ಹೊನ್ನಯ್ಯ ಪೈಪಿನ ತೂತಿಗೆ ಸರಳು ಕೊಟ್ಟು ತಿರುಚುವನು. ಅವನು ಸರಳು ಕಿತ್ತು ಮುಂದಿನ ತೂತಿಗೆ ಇಡುವ ತನಕ, ಇನ್ನೊಂದು ಸರಳು ಹಿಡಿದು ಇವಳು ತಡೆದಿರಬೇಕು. ಬಿಟ್ಟರೆ ತಿರುಚಿದ್ದೆಲ್ಲ ಒಂದೇ ಏಟಿಗೆ ವಾಪಸ್ಸು.

"ಈ ಸ್ಪ್ರಿಂಗು ನಮ್ಮತ್ತೆ ಇದ್ದಂಗೆ ಕಣಕ್ಕ," ಅನ್ನೋಳು. "ಎಳುದ್ರೆ ತುದಿ ತಿರುಗ್ತದೆ, ತಿರುಚುದ್ರೆ ಉದ್ದ ಆಯ್ತದೆ. ಸುಮ್ಕಿರಾಕೆ ಬರಾಕಿಲ್ಲ."

ಸುರುಳಿ ಯಾವ ಕಡೆ ಸುತ್ತಿದೆಯೋ ಆ ಕಡೆಗೇ ತಿರುಚಬೇಕು, ಆಗ ಬಿಗಿದು ಪೈಪನ್ನು ಅಪ್ಪುತ್ತದೆ. ಎದುರು ತಿರುಚಿದರೆ ಅಗಲವಾಗಿ ಬಾಯಿ ಬಿಡುತ್ತದೆ, ತುದಿಯ ಕೊಕ್ಕೆ ಕಳಚುತ್ತದೆ.

ರಾಜೇಂದ್ರ ಹೊಸ ಬಟ್ಟೆ ಅಂಗಡಿ ಹಾಕಿದ. ಪೂಜೆ ದಿವಸ, ಬಾಳೆಕಂಬ ಕಟ್ಟಿ ಆಗಿದೆ. ಅಲ್ಲಿನ ಸುರುಳಿ ಎಡಸುತ್ತಿನದು. ಹೊನ್ನಯ್ಯ ಏಣಿ ಹತ್ತಿ ಎಡಕ್ಕೆ ತಿರುವಿದ್ದೇ ತಡ, ರಾಜೇಂದ್ರ ಕೂಗಿದ.

"ಲೇ ಹೊನ್ನ, ಗುಡೀನ ಎಡಕ್ ಸುತ್ತೀಯೇನ್ಲಾ? ಲಕ್ಸ್ಮಿ ಬರೋ ಬಾಗ್ಲು ಕಣ್ಲಾ. ಬಲಕ್ಕೆ ಸುತ್ತು!"

"ಬ್ಯಾಡ, ಬಾಯ್ ಬುಡ್ತದೆ ಅದು," ಅಂದಳು ಮಂಚಮ್ಮ ಪಕ್ಕದ ಏಣಿಯಿಂದ.

"ಇಲ್ಲಿ ಬಾಯ್ ಬುಡೋಳು ನೀನೊಬ್ಳೇಯ," ಅಂದ ಗಂಡ. ನಿಂತವರೆಲ್ಲ ನಕ್ಕರು. "ಪೂಜೆ ಆಗೋಗ್ಲಿ, ಆಮೇಕೆ ಸರಿ ಮಾಡಾನ. ಗಟ್ಟಿಯಾಗಿ ಇಡ್ಕೊ."

ಬಲಕ್ಕೆ ಸುತ್ತಿದ. ಸ್ಪ್ರಿಂಗು ಕಿರ್ ಅಂದಿತು. ಅವಳಿಗೆ ಗೊತ್ತಾಯಿತು. ಕೈ ಬಿಟ್ಟು ಧುಮುಕಬಹುದಿತ್ತು. "ಬುಟ್ರೆ ಸರಳು ಅವನ ಮಕಕ್ ಬೀಳ್ತಿತ್ತು ಕಣಕ್ಕ," ಅಂದಳು ಆಮೇಲೆ ನನಗೆ. ಹಿಡಿದೇ ಇದ್ದಳು. ಕೊಕ್ಕೆ ಕಳಚಿತು. ಸ್ಪ್ರಿಂಗಿನ ಬಾಲ ಚಾಟಿಯ ಹಾಗೆ ಬಂದು ಅವಳ ಬಲಗೈ ಮಣಿಕಟ್ಟು ಒಡೆಯಿತು.

ರಂಗೋಲಿ ಮೇಲೆ ರಕ್ತ. "ಬೇಗ ನೀರಾಕ್ರೋ, ಮೂರ್ತ ಮೀರ್ತದೆ!" ಅಂದ ರಾಜೇಂದ್ರ. ಪೂಜೆಗೆ ಬಂದಿದ್ದ ನಾನು ಅವಳನ್ನು ಆಟೋಗೆ ಹತ್ತಿಸಿದೆ. ತಿರುಗಿ ನೋಡಿದರೆ ಹೊನ್ನಯ್ಯ ಇನ್ನೊಬ್ಬನಿಗೆ ಸರಳು ಹಿಡಿಸಿ ಏಣಿ ಮೇಲೆ ಎಡಕ್ಕೆ ಸುತ್ತುತ್ತಿದ್ದ. ರಾಜೇಂದ್ರ ತೆಂಗಿನಕಾಯಿ ಜುಟ್ಟು ಸರಿ ಮಾಡುತ್ತ ಬೇರೆ ಕಡೆ ನೋಡುತ್ತಿದ್ದ.

ಮೂಳೆ ಸೊಟ್ಟಗೆ ಕೂಡಿತು. ಬೆರಳು ಮಡಿಸಲು ಆಗುವುದಿಲ್ಲ. ಜಗಲಿ ಮೇಲೆ ಕೂತವಳ ಹತ್ತಿರ ಬಂದು ಹೊನ್ನಯ್ಯ, "ಮದ್ದೂರಲ್ಲಿ ಕೆಲ್ಸ ಬಂದದೆ, ಏಳು," ಅಂದ.

"ಯಾವ ಕೈಲಿ ಇಡ್ಕೊಳ್ಲಿ?"

"ದೇವ್ರು ಎಲ್ರಿಗೂ ಎರಡು ಕೊಟ್ಟವ್ನೆ."

ಎದ್ದಳು. ಮದ್ದೂರಿನ ಅಂಗಡಿಯವನು ಏಣಿ ಮೇಲಿದ್ದವಳನ್ನು ನೋಡಿ, "ಒಳ್ಳೆ ಕೆಲ್ಸಕ್ಕೆ ಎಡಗೈ ಆಕ್ತಾಳಲ್ಲಪ್ಪ," ಅಂದನಂತೆ.

ಹೊನ್ನಯ್ಯ ಅವಳನ್ನು ಇಳಿಸಲಿಲ್ಲ. "ಎಡಗೈಯ ಸೆರಗಲ್ಲಿ ಮುಚ್ಕೊ," ಅಂದ.