ಗಡ್ಡ ಸಾಕಿದ ಈಜಿನ ಮಿಸ್

ಅವಳ ಮುತ್ತಜ್ಜ ರೈಲು ನಿಲ್ದಾಣದ ಹೊರಗೆ, ಮರದ ಬುಡದಲ್ಲಿ, ಒಂದು ಪೆಟ್ಟಿಗೆಯ ಮೇಲೆ ಗಿರಾಕಿಗಳನ್ನು ಕೂರಿಸಿ ಕ್ಷೌರ ಮಾಡಿದವನು. ರೈಲು ಕೂಗಿ ನೆಲ ನಡುಗಿದರೂ ಅವನ ಕತ್ತಿ ಒಬ್ಬರ ಕೆನ್ನೆಯ ಮೇಲೂ ಗೆರೆ ಎಳೆದದ್ದಿಲ್ಲ. ಅವನ ಮಗ, ಅಂದರೆ ಇವಳ ಅಜ್ಜ, ಸರ್ಕಸ್ಸಿನಲ್ಲಿ ಹುಲಿ ಆಡಿಸುವವನ ಮೀಸೆ ತಿದ್ದಲು ಡೇರೆಯೊಳಗೇ ಹೋಗಿ, ಪಕ್ಕದ ಬೋನಿನಲ್ಲಿ ಹುಲಿ ಆಕಳಿಸುತ್ತಿದ್ದರೂ ಎರಡೂ ಕಡೆ ಸಮ ಮಾಡಿ ಬಂದವನು. ತಾಯಿಯ ಕಡೆಯವರದ್ದು ದಾರದ ಕೆಲಸ. ಅಜ್ಜಿ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೆಂಗಸರ ಹುಬ್ಬು ತಿದ್ದುತ್ತಾ, ಹಲ್ಲು ಸಡಿಲಿಸದೆಯೇ ಬೀದಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ಈಗ ಮುಂದಿನ ಕೋಣೆ ಅಪ್ಪನ ಕ್ಷೌರದಂಗಡಿ, ಪರದೆಯ ಹಿಂದಿನದು ಅಮ್ಮನ ಬ್ಯೂಟಿ ಪಾರ್ಲರ್. ಕಂಡವರ ಮುಖದ ಕೂದಲು ತೆಗೆದೇ ಹೊಟ್ಟೆ ಹೊರೆದ ಇಂಥ ಮನೆಯ ಒಬ್ಬಳೇ ಮಗಳಿಗೆ ಗಲ್ಲದ ತುಂಬ ಗಡ್ಡ ಬಂತು.

ಡಾಕ್ಟರು ಹಾರ್ಮೋನಿನ ಏರುಪೇರು ಎಂದರು, ಗುಳಿಗೆ ಕೊಟ್ಟರು. ಏರುಪೇರು ತಗ್ಗಿತು. ಬಂದ ಕೂದಲು ಮಾತ್ರ ಮನೆ ಅಳಿಯನ ಹಾಗೆ ಜಾಗ ಬಿಡಲಿಲ್ಲ. ಅಮ್ಮ ವಾರವಾರ ದಾರ ಹಾಕಿ ಕೀಳುತ್ತಿದ್ದಳು, ಅದು ಮತ್ತೆ ಬರುತ್ತಿತ್ತು.

ಹುಡುಗಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸ ಹಿಡಿದಳು. ಮಕ್ಕಳ ಬಾಯಲ್ಲಿ ಮಿಸ್ ಆದಳು. ನೀರಿನಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಮೂಗಿನಿಂದ ಗಲ್ಲದವರೆಗೆ ಮಾಸ್ಕ್. ಅದು ಒದ್ದೆಯಾದರೆ ಉಸಿರು ಕಟ್ಟುತ್ತದೆ, ತೆಗೆದರೆ ಗಡ್ಡ ಕಾಣುತ್ತದೆ. ಹಾಗಾಗಿ ದಡದಲ್ಲೇ ನಿಂತು ಕೈಕಾಲು ಬಡಿಯುವುದನ್ನು ಕಲಿಸಿ, ನೀರಿಗಿಳಿಯುವ ಹೊತ್ತಿಗೆ ಮಕ್ಕಳನ್ನು ಸೀಟಿ ಸರ್‌ಗೆ ಒಪ್ಪಿಸುತ್ತಿದ್ದಳು. ಸದಾ ಬಾಯಲ್ಲಿ ಸೀಟಿ ಕಚ್ಚಿಕೊಂಡಿರುವ ಇನ್ನೊಬ್ಬ ಶಿಕ್ಷಕನಿಗೆ ಮಕ್ಕಳಿಟ್ಟ ಹೆಸರು ಅದು. ಮಗು ಮೊದಲ ಸಲ ತೇಲುವ ಗಳಿಗೆಯೆಲ್ಲ ಅವನ ಪಾಲು. ಇವಳಿಗೆ ದಡವೇ ಗತಿ.

ಬರುವ ಬೇಸಿಗೆ ರಜೆಯಲ್ಲಿ ಬರಿಮುಖದಲ್ಲಿ ನಾನೇ ನೀರಿಗಿಳಿಯುತ್ತೇನೆಂದು ಪಟ್ಟು ಹಿಡಿದು ಅವಳು ಕೂದಲು ತೆಗೆಯುವ ಲೇಸರ್‌ಗೆ ಹೆಸರು ಬರೆಸಿದಳು. ಬಿಸಿಲೇರಿ ಚರ್ಮ ಕಂದಿದರೆ ಲೇಸರ್ ಹಾಕುವಂತಿಲ್ಲ. ಚಳಿ ಇರುವಾಗಲೇ ಶುರುವಾಗಬೇಕು, ಇಲ್ಲದಿದ್ದರೆ ಇನ್ನೊಂದು ವರ್ಷ ದಡ ಕಾಯಬೇಕು.

ನಾಲ್ಕು ಜನರ ಮುಂದೆ ಹೋಗುವಾಗ ಮುಖ ತೊಳೆದುಕೊಂಡು ಹೋಗುವುದಿಲ್ಲವೇ? ಅಮ್ಮನ ಲೆಕ್ಕವೂ ಅದೇ. ಮೊದಲ ಸಲ ಲೇಸರ್ ಹಾಕಿಸುವ ಹಿಂದಿನ ದಿನ ಮಗಳನ್ನು ಕೂರಿಸಿ ಒಂದೆಳೆ ಬಿಡದೆ ಬುಡಸಮೇತ ಕಿತ್ತಳು. ಗಲ್ಲ ಬೆಣ್ಣೆಯಾಯಿತು. ಮರುದಿನ ಆಸ್ಪತ್ರೆಯಲ್ಲಿ ಲೇಸರ್ ಹಾಕುವ ನರ್ಸ್ ದೀಪ ಹಿಡಿದು ನೋಡಿ ನಕ್ಕುಬಿಟ್ಟಳು.

“ಕೂದಲಿನ ಬೇರೇ ಇಲ್ವಲ್ಲಮ್ಮಾ, ನಾನು ಏನನ್ನ ಸುಡಲಿ? ಈ ಬೆಳಕು ಬೇರನ್ನ ಹುಡುಕಿ ಸುಡುತ್ತೆ. ಇನ್ನು ಕೀಳಬೇಡಿ, ದಾರವೂ ಬೇಡ, ವ್ಯಾಕ್ಸೂ ಬೇಡ. ಬೇರು ಕೂತ್ಕೊಳ್ಳಲಿ. ಮುಂದಿನ ಸಲ ಬರೋ ಹಿಂದಿನ ದಿನ ರೇಜರ್‌ನಲ್ಲಿ ಬೋಳಿಸ್ಕೊಂಡು ಬನ್ನಿ, ಅಷ್ಟೇ.”

ಮನೆಗೆ ಬಂದು ಹೇಳಿದಾಗ ಅಮ್ಮ ಹಣೆ ಚಚ್ಚಿಕೊಂಡಳು. “ಹೆಣ್ಣುಮಗಳ ಕೆನ್ನೆಗೆ ಬ್ಲೇಡಾ? ಒಂದು ಕೂದಲಿದ್ದ ಕಡೆ ಹತ್ತು ಬರುತ್ತೆ.”

ಮುಂದಿನ ಕೋಣೆಯಿಂದ ಅಪ್ಪ ಕೂಗಿದ. “ಹಾಗೆ ಬರೋದಾಗಿದ್ರೆ ನನ್ನ ಬೋಳುತಲೆಗೆ ದಿನಾ ಬ್ಲೇಡ್ ಹಾಕ್ತಿದ್ದೆ ಕಣೇ.”

ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ನಕ್ಕ ರಭಸಕ್ಕೆ ನೊರೆಯೆಲ್ಲ ಕನ್ನಡಿಗೆ ಹಾರಿತು.

ಅಂದಿನಿಂದ ಮಾಸ್ಕಿನ ಹಿಂದೆ ಗಡ್ಡ ಬೆಳೆಯಿತು. ಅಮ್ಮನ ಬೆರಳಿಗೆ ತುರಿಕೆ ಹತ್ತಿತು. ಒಂದು ಮಧ್ಯಾಹ್ನ ಮಗಳು ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ಅಮ್ಮ ದಾರ ಕಚ್ಚಿಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಬಂದಳು. ಮಗಳು ಕಣ್ಣು ತೆರೆಯದೆಯೇ ಅವಳ ಮಣಿಕಟ್ಟು ಹಿಡಿದಳು.

“ಎರಡೇ ಎರಡು, ಮಗಳೇ. ಯಾರಿಗೂ ಗೊತ್ತಾಗಲ್ಲ.”

“ಇವತ್ತು ಎರಡು ಅಂತೀಯ, ಕೈ ಇಟ್ರೆ ನಿಲ್ಲಿಸ್ತೀಯಾ? ನನ್ನ ಬೇಸಿಗೆ ಹೋಗುತ್ತಮ್ಮ.”

ಅಮ್ಮ ಮುಖ ಊದಿಸಿಕೊಂಡು ಒಳಗೆ ಹೋದಳು. ಆ ದಿನ ಬಂದ ಗಿರಾಕಿಯ ಹುಬ್ಬು ಇರಬೇಕಾದ್ದಕ್ಕಿಂತ ತೆಳ್ಳಗಾಯಿತು.

ನರ್ಸ್ ಹೇಳಿದ ದಿನ ಹತ್ತಿರ ಬಂತು. ಹಿಂದಿನ ಸಂಜೆ ಅವಳು ಅಪ್ಪನ ಕುರ್ಚಿಯಲ್ಲಿ ಕೂತು, ಕನ್ನಡಿ ನೋಡುತ್ತಾ ತಾನೇ ನೊರೆ ಹಚ್ಚಿಕೊಂಡಳು. ಬೆಂಚಿನಲ್ಲಿದ್ದ ಗಂಡಸರು ಪೇಪರಿನೊಳಗೆ ತಲೆ ಹುದುಗಿಸಿದರು. ಅಪ್ಪ ಹಿಂದೆ ಕೈ ಕಟ್ಟಿ ನಿಂತು, “ಕೂದಲು ಬೆಳೆದ ದಿಕ್ಕಿಗೇ ಎಳಿ, ಎದುರು ಬೇಡ” ಎಂದಷ್ಟೇ ಹೇಳಿದ. ಒಂದು ಗೀರೂ ಬೀಳಲಿಲ್ಲ. ಅಪ್ಪನ ಎದೆ ಒಂದು ಗೇಣು ಉಬ್ಬಿತು.

ಮರುದಿನ ನರ್ಸ್ ಗಲ್ಲ ಸವರಿ, “ಈಗ ಬಂದ್ರಿ ನೋಡಿ ಸರಿಯಾಗಿ” ಎಂದಳು. ಬೆಳಕು ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ಕೆಂದಿತು, ಸುಟ್ಟ ಕೂದಲಿನ ಕಮಟು ವಾಸನೆ ಬಂತು. ಕೊಡೆ ಹಿಡಿದು, ಬಿಸಿಲು ತಪ್ಪಿಸಿ, ಚಳಿ ಮುಗಿಯುವವರೆಗೆ ಅವಳು ಮತ್ತೆ ಮತ್ತೆ ಹೋಗಿ ಬಂದಳು. ಪೂರ್ತಿ ಹೋಯಿತೆಂದಲ್ಲ. ಕಾಡಿನಂತಿದ್ದದ್ದು ಅಲ್ಲೊಂದು ಇಲ್ಲೊಂದಾಯಿತು.

ರಜೆಯ ತರಗತಿ ಶುರುವಾದ ಬೆಳಗ್ಗೆ ಅವಳು ಬರಿಮುಖದಲ್ಲಿ ಕೊಳದ ಮೆಟ್ಟಿಲಿಳಿದಳು. ಹೆಂಚಿನ ಚಾವಣಿಯ ನೆರಳಿನಲ್ಲಿ ನೀರು ತಣ್ಣಗಿತ್ತು. ಕುತ್ತಿಗೆಗೆ ಜೋತುಬಿದ್ದ ಒಂದು ಪುಟ್ಟ ಹುಡುಗಿ ಹತ್ತಿರದಿಂದ ದಿಟ್ಟಿಸಿದಳು.

“ಮಿಸ್, ನಿಮ್ಮ ಗಲ್ಲದಲ್ಲಿ ಕೂದಲಿದೆ.”

“ಇದೆ. ಒಂದೊಂದಾಗಿ ಹೊರಡ್ತಾ ಇವೆ. ನೀನು ಕಾಲು ಬಡಿ.”

ಮಿಸ್ ಅವಳನ್ನು ಅಂಗೈಯ ಮೇಲೆ ಮಲಗಿಸಿಕೊಂಡಳು, ಹುಡುಗಿ ಕಾಲು ಬಡಿದಳು. ಅಂಗೈಯ ಮೇಲಿದ್ದ ಭಾರ ಮೆಲ್ಲಗೆ ಹಗುರಾಗತೊಡಗಿತು. ಅಷ್ಟರಲ್ಲಿ ಸೀಟಿ ಸರ್ ರೂಢಿಯಂತೆ ನೀರಿಗಿಳಿದು ಬಂದು ಎರಡೂ ಕೈ ಚಾಚಿದ.

“ಮಗೂನ ಈಚೆ ಕೊಡಿ ಮೇಡಂ. ನೀವು ದಡ ನೋಡ್ಕೊಳ್ಳಿ, ಸುಮ್ನೆ ಯಾಕೆ ಒದ್ದೆಯಾಗ್ತೀರಿ?”

“ಬೇಡ ಸರ್. ಇವಳು ಇನ್ನೇನು ತೇಲ್ತಾಳೆ, ಅದನ್ನ ನಾನೇ ನೋಡ್ಬೇಕು. ನಿಮಗೆ ಕೈ ಬಿಡುವಿದ್ರೆ ದಡಕ್ಕೆ ಹೋಗಿ ಟವೆಲ್ ಹಿಡ್ಕೊಂಡು ನಿಂತಿರಿ.”