ಅಮ್ಮನ ಆಧಾರ್ ಕಾರ್ಡು, ಚೆನ್ನೈ ಬಸ್ಸು

ಸ್ನೇಹಿತರೇ, ಮೈಸೂರಿನಿಂದ ಚೆನ್ನೈಗೆ ನನ್ನ ಮನೆಗೆ ಬಂದಿರುವ ನಮ್ಮಮ್ಮ ಇವತ್ತು ಬೆಳಿಗ್ಗೆ ಟೀವಿಯಲ್ಲಿ ವಾರ್ತೆ ನೋಡುತ್ತಾ ಸಿಡುಕಿದರು: “ಎಲ್ಲಾ ಪುಕ್ಸಟ್ಟೆ ಕೊಟ್ಟೂ ಕೊಟ್ಟೂ ದೇಶ ಹಾಳ್ ಮಾಡ್ಬಿಟ್ರು!”

ಆಮೇಲೆ ಇಬ್ಬರೂ ಶೋಳಿಂಗನಲ್ಲೂರಿನಲ್ಲಿ ಬಸ್ ಹತ್ತಿದೆವು. ಕಂಡಕ್ಟರ್ ಬಂದದ್ದೇ ತಡ, ಅಮ್ಮ ಪರ್ಸಿನಿಂದ ಆಧಾರ್ ಕಾರ್ಡ್ ತೆಗೆದು ಚಾಚಿದರು. ನಮ್ಮೂರಿನಲ್ಲಿ ಹೆಂಗಸರು ಅದನ್ನು ತೋರಿಸಿದರೇ ಉಚಿತ ಟಿಕೆಟ್. ಕೈಗೆ ಅದೇ ಅಭ್ಯಾಸ!

“ಕಾರ್ಡೆಲ್ಲಾಂ ವೇಂಡಾಮ್ಮಾ, ಲೇಡೀಸುಕ್ಕು ಫ್ರೀ,” ಎಂದರು ಕಂಡಕ್ಟರ್.

ಅಮ್ಮ ಬಿಡಲಿಲ್ಲ. “ನೋಡ್ದೇನೇ ಕೊಟ್ರೆ ಹೆಂಗಪ್ಪ? ನಾನು ಕರ್ನಾಟಕದೋಳು. ಒಂದ್ಸಲ ನೋಡ್ಬಿಡು.”

ಹಿಂದಿನಿಂದ ಜನ ತಳ್ಳುತ್ತಿದ್ದರು. ಪುಣ್ಯಾತ್ಮ ಕಾರ್ಡನ್ನು ಕೈಗೆ ತೆಗೆದುಕೊಂಡು ಗಂಭೀರವಾಗಿ ನೋಡಿ, “ಫೋಟೋ ಸೂಪರ್‌ಮ್ಮಾ, ಉಕ್ಕಾರುಂಗ,” ಎಂದು ಸೀಟು ತೋರಿಸಿದರು. ಆಧಾರ್ ಫೋಟೋವನ್ನು ಹೊಗಳಿದ ಮನುಷ್ಯನನ್ನು ನಾನು ನೋಡಿದ್ದು ಇದೇ ಮೊದಲು.

ಅಮ್ಮ ಕಿಟಕಿ ಪಕ್ಕ ಕೂತು ಸೆರಗು ಸರಿಮಾಡಿಕೊಂಡರು. “ಎಷ್ಟು ಮರ್ಯಾದೆಯಿಂದ ಕೊಡ್ತಾರೆ ನೋಡು. ನಾಳೆ ತಿರುವೊಟ್ಟಿಯೂರು ದೇವಸ್ಥಾನಕ್ಕೂ ಬಸ್ಸಲ್ಲೇ ಹೋಗೋಣ ಕಣೋ.”

ಹೋಗೋಣಮ್ಮ. ಟಿಕೆಟ್ ಕೊಂಡು ದೇಶ ಉಳಿಸುವುದಕ್ಕೆ ಗಂಡುಮಗ ನಾನೊಬ್ಬ ಪಕ್ಕದಲ್ಲಿ ಇದ್ದೇನಲ್ಲ.